ಫಲಾಪೇಕ್ಷೆಯಿಲ್ಲದ ಓದು

ಭದ್ರಾವತಿಯ ನ್ಯೂ ಟೌನಿನಲ್ಲಾಗಲಿ ಶಿವಮೊಗ್ಗೆಯ ಬಡಾವಣೆಗಳಲ್ಲಾಗಲಿ, ಕೈಯಲ್ಲಿ ಪುಸ್ತಕ ಹಿಡಿದವರನ್ನು ಕಂಡೊಡನೆ ಜನರು ಕೇಳುವ ಪ್ರಶ್ನೆಗಳು ಎರಡೇ. ಹಿಡಿದವನು ಚಿಕ್ಕವನಾದರೆ “ಯಾವ ಪರೀಕ್ಷೆಗೆ?” ಎನ್ನುವರು, ವಯಸ್ಸಾದವನಾದರೆ “ಇನ್ನೂ ಏನು ಓದುವುದಿದೆ?” ಎನ್ನುವರು. ಪರೀಕ್ಷೆಗೂ ಅಲ್ಲದೆ, ಪಾರಾಯಣಕ್ಕೂ ಅಲ್ಲದೆ, ಸುಖವಾಗುತ್ತದೆಂದು ಸುಮ್ಮನೆ ಓದುವವನೊಬ್ಬನು ಇರಬಹುದೆಂಬ ಸಂಶಯವೇ ಕೇಳುವವರಿಗೆ ಹುಟ್ಟುವುದಿಲ್ಲ. ಹೀಗೆ ಸುಮ್ಮನೆ ಓದುವವನ ಪಕ್ಷ ಹಿಡಿದು ವಾದಿಸುವವರು ಈಚೆಗೆ ವಿರಳ. ವಿರೋಧಿಗಳು ಅವನನ್ನು ಸೋಮಾರಿಯೆನ್ನುವರು. ಮಿತ್ರರೆನಿಸಿಕೊಂಡವರು ಅವನ ಓದಿಗೆ ಏನಾದರೊಂದು ಫಲವನ್ನು ಆರೋಪಿಸಿ ಅವನನ್ನು ಕಾಪಾಡಲು ಹೊರಡುವರು. ಈ ಇಬ್ಬರೂ ದಾರಿ ತಪ್ಪಿದವರೆಂದೂ, ಸುಖಕ್ಕಾಗಿ ಓದುವವನೇ ನಿಜವಾದ ವಾಚಕನೆಂದೂ, ಅವನು ಇಲ್ಲವಾದರೆ ಕನ್ನಡದ ಪುಸ್ತಕವೂ ಅದರ ಹಿಂದೆಯೇ ಕನ್ನಡವೂ ಬಡವಾಗುವುವೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಮೊದಲು ಪೂರ್ವಪಕ್ಷಗಳನ್ನು ನಿಲ್ಲಿಸಿ, ಆಮೇಲೆ ಸಿದ್ಧಾಂತಕ್ಕೆ ಬರುವುದು ಯುಕ್ತ.

ಮೊದಲನೆಯ ಪೂರ್ವಪಕ್ಷವು ಗೃಹಸ್ಥರದು. ಕಾಲಕ್ಕೆ ಬೆಲೆಯುಂಟು, ಓದಿನಿಂದ ಅಂಕವೋ ಉದ್ಯೋಗವೋ ದೊರೆಯಬೇಕು, ದೊರೆಯದಿದ್ದರೆ ಅದು ಕಾಲಹರಣ ಎಂಬುದು ಅವರ ವಾದ. ಭದ್ರಾವತಿಯಂಥ ಊರಿನಲ್ಲಿ ಈ ವಾದ ಹುಟ್ಟುವುದು ಸಹಜ. ಒಂದು ಕಾಲಕ್ಕೆ ಬೆಂಕಿಪುರವೆಂದು ಹೆಸರಿದ್ದ ಈ ಊರು ಈಗಿನ ರೂಪಕ್ಕೆ ಬಂದುದೇ ಕಬ್ಬಿಣದಿಂದ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಹುಟ್ಟಿದ ಕಾರ್ಖಾನೆಯಲ್ಲಿ 1923ರಲ್ಲಿ, ಮಲೆನಾಡಿನ ಕಾಡಿನ ಇದ್ದಿಲಿನ ಬೆಂಕಿಯಲ್ಲಿ ಕಬ್ಬಿಣ ಕರಗಿ ಹರಿಯತೊಡಗಿತು. ನೌಕರರ ವಾಸಕ್ಕೆಂದು ನ್ಯೂ ಟೌನ್ ಎದ್ದಿತು. ಅಲ್ಲಿ ಎಲ್ಲಕ್ಕೂ ತೂಕವಿತ್ತು, ಪಾಳಿಯಿತ್ತು, ದಾಖಲೆಯಿತ್ತು. ಎಷ್ಟು ಟನ್ನು ಅದಿರು ಒಳಕ್ಕೆ ಹೋಯಿತು, ಎಷ್ಟು ಟನ್ನು ಕಬ್ಬಿಣ ಹೊರಕ್ಕೆ ಬಂದಿತು ಎಂದು ಬರೆದಿಟ್ಟುಕೊಂಡೇ ಬೆಳೆದ ಊರಿನಲ್ಲಿ, ಎಷ್ಟು ಪುಟ ಒಳಕ್ಕೆ ಹೋಯಿತು, ಏನು ಹೊರಕ್ಕೆ ಬಂದಿತು ಎಂದು ತಂದೆಯು ಮಗನನ್ನು ಕೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಆದರೆ ಅದೇ ಊರಿನ ಇನ್ನೊಂದು ಕಾರ್ಖಾನೆಯನ್ನು ಗೃಹಸ್ಥರು ಮರೆಯಬಾರದು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯು ಬರೆಯುವ ಮತ್ತು ಅಚ್ಚುಹಾಕುವ ಕಾಗದವನ್ನೂ, 1980ರ ದಶಕದಿಂದ ವೃತ್ತಪತ್ರಿಕೆಯ ಕಾಗದವನ್ನೂ ನಾಡಿಗೆ ಒದಗಿಸಿತು. ಅದರ ಮೇಲೆ ಅಚ್ಚಾದುದು ಜಮಾ ಖರ್ಚಿನ ಪಟ್ಟಿಗಳಷ್ಟೇ ಏನು? ಕಾಗದ ಮಾಡುವ ಊರಿನವರು ಕಥೆಯನ್ನೂ ಕವಿತೆಯನ್ನೂ ಕಾಲಹರಣವೆಂದು ಬೈಯುವುದು, ನೇಕಾರನು ಹಬ್ಬದ ಸೀರೆಯನ್ನು ಬೈದಂತೆ. 2015ರ ಸುಮಾರಿಗೆ ಆ ಯಂತ್ರಗಳೂ ನಿಂತವು. ಅದಕ್ಕೆ ಕಾರಣ ಹಣಕಾಸಿನದು. ಓದುಗರ ಮೇಲೆ ಆ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಆದರೂ ನಾಡಿಗೆಲ್ಲ ಕಾಗದ ಬಡಿಸಿದ ಊರು ತಾನು ಉಪವಾಸವಿರುವುದು ಶೋಭಿಸದು.

ಗೃಹಸ್ಥರ ವಾದದಲ್ಲಿ ಒಂದು ಪಕ್ಷಪಾತವೂ ಉಂಟು. ಇಡೀ ದಿನ ಕ್ರಿಕೆಟ್ ಪಂದ್ಯ ನೋಡಿದವನನ್ನು ಇದರಿಂದ ಯಾವ ಪದವಿ ದೊರೆಯಿತೆಂದು ಯಾರೂ ವಿಚಾರಿಸುವುದಿಲ್ಲ. ಮದುವೆಯ ಮನೆಯಲ್ಲಿ ನಾಲ್ಕು ಹೋಳಿಗೆ ತಿಂದೆದ್ದವನನ್ನು ಅದರ ಸಾರಾಂಶ ಹೇಳೆಂದು ನಿಲ್ಲಿಸಿಕೊಳ್ಳುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಮೊಬೈಲಿನ ಗಾಜನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಕುಳಿತ ಯಜಮಾನನು, ಪಕ್ಕದಲ್ಲಿ ಕಾದಂಬರಿ ಹಿಡಿದ ಮಗಳನ್ನು “ಅದರಿಂದೇನು ಪ್ರಯೋಜನವಮ್ಮಾ?” ಎಂದು ಕೇಳಬಲ್ಲನು. ಎಲ್ಲ ಸುಖಗಳಿಗೂ ಇಲ್ಲದ ಈ ಸುಂಕವು ಪುಸ್ತಕದ ಸುಖಕ್ಕೆ ಮಾತ್ರ ಏಕೆ? ಮೊಬೈಲು ಗೆದ್ದುದಕ್ಕೆ ಅದರ ಸಾಮರ್ಥ್ಯವೊಂದೇ ಕಾರಣವಲ್ಲ. ಅದನ್ನು ಹಿಡಿದವನನ್ನು ಫಲವೇನೆಂದು ಯಾರೂ ಪೀಡಿಸದಿರುವುದೂ ಒಂದು ಕಾರಣ. ಸುಖವಾಗಿ ಕುಳಿತುಕೊಳ್ಳಲು ಬಿಡುವ ಮನೆಗೆ ನೆಂಟರು ಹೆಚ್ಚು.

ಕಥೆ ಓದಿದ ಹುಡುಗನಿಗೆ ಭಾಷೆ ಚೆನ್ನಾಗಿ ಬರುತ್ತದೆ, ಅದರಿಂದ ಅಂಕಗಳೂ ಹೆಚ್ಚುವುವು ಎಂದು ಹೇಳಿ ಗೃಹಸ್ಥರನ್ನು ಸಮಾಧಾನಪಡಿಸಬಹುದು. ಆದರೆ ಬುದ್ಧಿಯುಳ್ಳವರು ಈ ಗುಟ್ಟನ್ನು ಬಿಡಬಾರದು. ಬಿಟ್ಟರೆ ಮರುದಿನವೇ ಗೋಡೆಯ ಮೇಲೆ “ಸಂಜೆ ಆರರಿಂದ ಆರೂವರೆ: ಸಂತೋಷಕ್ಕಾಗಿ ಓದು” ಎಂಬ ವೇಳಾಪಟ್ಟಿ ಏರುವುದು, ಆ ಹುಡುಗನು ಜನ್ಮದಲ್ಲಿ ಮತ್ತೆ ಕಥೆಯ ಪುಸ್ತಕವನ್ನು ಮುಟ್ಟಲಾರನು.

ಎರಡನೆಯ ಪೂರ್ವಪಕ್ಷವು ಓದಿನ ಮಿತ್ರರದು; ಆದ್ದರಿಂದಲೇ ಹೆಚ್ಚು ಅಪಾಯಕರ. ಗ್ರಂಥಾಲಯ ಸಪ್ತಾಹದ ವೇದಿಕೆಗಳಲ್ಲಿ ಇವರ ಭಾಷಣವನ್ನು ವಾಚಕರು ಕೇಳಿಯೇ ಇರುವರು. ಓದು ಜ್ಞಾನವನ್ನು ಕೊಡುತ್ತದೆ, ಚಾರಿತ್ರ್ಯವನ್ನು ತಿದ್ದುತ್ತದೆ, ಸತ್ಪ್ರಜೆಗಳನ್ನು ನಿರ್ಮಿಸುತ್ತದೆ ಎಂದು ಅವರು ಸಾರುವರು. ಕೇಳಿದ ಮಕ್ಕಳಿಗೆ ಪುಸ್ತಕವೆಂಬುದು ಹರಳೆಣ್ಣೆಯ ಜಾತಿಗೆ ಸೇರಿದ್ದೆಂದು ದೃಢವಾಗುವುದು. ವಿಷ್ಣುಶರ್ಮನು ಮಂದಮತಿಗಳಾದ ರಾಜಕುಮಾರರಿಗೆ ಪಂಚತಂತ್ರದ ಕಥೆಗಳಿಂದ ನೀತಿಯನ್ನು ಕಲಿಸಲಿಲ್ಲವೆ ಎಂದು ಈ ಪಕ್ಷದವರು ದೃಷ್ಟಾಂತ ಕೊಡುವುದುಂಟು. ಕಲಿಸಿದನು, ಆದರೆ ಆ ರಾಜಕುಮಾರರು ಶಾಸ್ತ್ರವನ್ನು ಬೇಡವೆಂದವರು, ಕಥೆಯನ್ನು ಬೇಕೆಂದವರು. ಅವರನ್ನು ಗುರುವಿನ ಬಳಿ ಹಿಡಿದು ಕೂರಿಸಿದುದು ಸಿಂಹ ನರಿಗಳ ಸ್ವಾರಸ್ಯ. ಸ್ವಾರಸ್ಯವಿಲ್ಲದಿದ್ದರೆ ನೀತಿಯು ಬಾಗಿಲಲ್ಲಿಯೇ ನಿಂತಿರುತ್ತಿತ್ತು.

ಈ ಮಿತ್ರರು ಅಲಂಕಾರಶಾಸ್ತ್ರದ ಆಸರೆಯನ್ನು ಬಯಸುವುದಾದರೆ ಅದನ್ನೂ ಪರೀಕ್ಷಿಸಬಹುದು. ಕಾಶ್ಮೀರದ ಮಮ್ಮಟನು ಹನ್ನೊಂದನೆಯ ಶತಮಾನದ ತನ್ನ ಕಾವ್ಯಪ್ರಕಾಶದಲ್ಲಿ ಕಾವ್ಯಕ್ಕೆ ಆರು ಪ್ರಯೋಜನಗಳನ್ನು ಎಣಿಸಿರುವನು: ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಅಮಂಗಳದ ನಾಶ, ಕೂಡಲೆ ಒದಗುವ ಪರಮಾನಂದ, ಕಾಂತೆಯು ಹೇಳಿದಂಥ ಉಪದೇಶ. ಹಣವೂ ಇದೆ, ಉಪದೇಶವೂ ಇದೆ ಎಂದು ಗೃಹಸ್ಥರೂ ಭಾಷಣಕಾರರೂ ಹಿಗ್ಗಬಹುದು. ಆದರೆ ಸೂತ್ರವನ್ನು ಬರೆದ ಮಮ್ಮಟನೇ ವೃತ್ತಿಯಲ್ಲಿ, ಈ ಆರರೊಳಗೆ ಆನಂದವೇ ಎಲ್ಲಕ್ಕೂ ಮಕುಟಪ್ರಾಯವೆಂದು ಬಿಡಿಸಿ ಹೇಳಿಟ್ಟಿರುವನು. ಉಪದೇಶವೂ ಅಪ್ಪಣೆ ಮಾಡುವ ಅರಸನಂತೆ ಇರದೆ, ಒಲಿಸಿಕೊಂಡು ಹೇಳುವ ಕಾಂತೆಯಂತೆ ಇರಬೇಕೆಂಬುದು ಅವನ ಮತ. ಈ ಕಾಲದ ಉಪದೇಶಕರು ಕಾಂತೆಯ ಮನೆಗೆ ಅಮಲ್ದಾರನನ್ನು ಕಳುಹಿಸುತ್ತಿರುವರು.

ಮಮ್ಮಟನಿಗಿಂತ ಮುಂಚೆಯೇ, ಹತ್ತನೆಯ ಶತಮಾನದಲ್ಲಿ, ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದ ಧನಂಜಯನು ಈ ವ್ಯಾಜ್ಯವನ್ನು ಇನ್ನೂ ನೇರವಾಗಿ ತೀರ್ಮಾನಿಸಿದನು. ನಾಟಕಗಳಿಂದ ದೊರೆಯತಕ್ಕದ್ದು ಬರಿಯ ಜ್ಞಾನವೆಂದು ವಾದಿಸುವವರು ಅವನ ಕಾಲದಲ್ಲಿಯೂ ಇದ್ದರೆಂದು ತೋರುತ್ತದೆ. ಅವರ ಸಂಗಡ ಅವನು ಜಗಳವಾಡಲಿಲ್ಲ. ದಶರೂಪಕದ ಆರಂಭದಲ್ಲಿಯೇ, ರುಚಿಗೆ ಬೆನ್ನು ತಿರುಗಿಸಿದ ಆ ಸಾಧುಪುರುಷನಿಗೆ ಒಂದು ನಮಸ್ಕಾರವನ್ನು ಹಾಕಿ ತನ್ನ ಕೆಲಸಕ್ಕೆ ತೊಡಗಿದನು. ಸಾವಿರ ವರ್ಷಗಳ ಹಿಂದೆ ಹಾಕಿದ ಆ ನಮಸ್ಕಾರವು ಇಂದಿನ ಎಷ್ಟೋ ಭಾಷಣಕಾರರ ವಿಳಾಸಕ್ಕೂ ಸರಿಯಾಗಿ ತಲಪುತ್ತದೆ.

ಮೂರನೆಯ ಪೂರ್ವಪಕ್ಷವು ವಿದ್ವಾಂಸರದು. ಸುಖಕ್ಕಾಗಿ ಓದಿರೆಂದರೆ ಜನರು ಕೀಳು ಪುಸ್ತಕಗಳನ್ನು ಓದುವರು. ಕಾವ್ಯಾಸ್ವಾದಕ್ಕೆ ಅಧಿಕಾರ ಬೇಕು. ಸಹೃದಯನಲ್ಲದವನಿಗೆ ಪಂಪನೂ ಇಲ್ಲ, ಕಾಳಿದಾಸನೂ ಇಲ್ಲ ಎಂಬುದು ಅವರ ವಾದ. ಸಹೃದಯನೆಂದರೆ ಕಾವ್ಯಾಭ್ಯಾಸದಿಂದ ಮನಸ್ಸೆಂಬ ಕನ್ನಡಿಯು ತಿಳಿಯಾದವನೆಂದು ಅಭಿನವಗುಪ್ತನು ಹೇಳಿರುವುದು ನಿಜ. ಆದರೆ ಅಭ್ಯಾಸವಾಗುವ ಬಗೆ ಹೇಗೆ? ರುಚಿ ಹತ್ತಿದವನು ಮತ್ತೆ ಮತ್ತೆ ಓದುವನು. ಮತ್ತೆ ಮತ್ತೆ ಓದಿದವನ ಕನ್ನಡಿ ತಿಳಿಯಾಗುವುದು. ಮೊದಲು ಕನ್ನಡಿಯನ್ನು ಉಜ್ಜಿಕೊಂಡು ಬಾ, ಆಮೇಲೆ ಪುಸ್ತಕ ಕೊಡುವೆನೆಂದರೆ, ಈಜು ಬಂದ ಮೇಲೆ ನೀರಿಗಿಳಿ ಎಂದಂತಾಗುವುದು. ಭದ್ರೆಯ ದಡದಲ್ಲಿ ಬೆಳೆದವರಿಗೆ ಈ ಮಾತಿನ ಹುರುಳನ್ನು ವಿವರಿಸಬೇಕಾಗಿಲ್ಲ.

ಕನ್ನಡದ ಚರಿತ್ರೆಯೂ ವಿದ್ವಾಂಸರ ಭೀತಿಯನ್ನು ಸಮರ್ಥಿಸುವುದಿಲ್ಲ. ಬಿ. ವೆಂಕಟಾಚಾರ್ಯರು (1845–1914) ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದಾಗ ಅವುಗಳನ್ನು ಹಿಡಿದವರು ಪರೀಕ್ಷಾರ್ಥಿಗಳಲ್ಲ, ಮುಂದೇನಾಯಿತೆಂಬ ಕುತೂಹಲವುಳ್ಳವರು. ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದಾಗ, ಕೊಂಡವರು ಕೊಟ್ಟ ಕಾಸು ಕಥೆಯ ಸುಖಕ್ಕೆ ಕೊಟ್ಟ ಕಾಸು. ಆ ಓದುಗರು ಇಲ್ಲದಿದ್ದರೆ ಮುಂದೆ ಕಾರಂತರಿಗೂ ಕುವೆಂಪು ಅವರಿಗೂ ಓದುಗರು ಎಲ್ಲಿಂದ ಬರುತ್ತಿದ್ದರು? ತ್ರಿವೇಣಿಯವರ ಕಾದಂಬರಿಗಳನ್ನು ಬಾಡಿಗೆಯ ಪುಸ್ತಕದಂಗಡಿಗಳಿಂದ ತಂದು, ಅಡುಗೆ ಮುಗಿದ ಮಧ್ಯಾಹ್ನಗಳಲ್ಲಿ ಓದಿ, ವಾಯಿದೆ ತೀರುವ ಮುನ್ನ ನೆರೆಮನೆಗೂ ಕೊಟ್ಟ ಗೃಹಿಣಿಯರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಯಾವ ಸಾಹಿತ್ಯಚರಿತ್ರೆಯೂ ಸರಿಯಾಗಿ ಬರೆದಿಲ್ಲ. ಇದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಶಾಲೆಯ ಓದು ಬಾಲ್ಯವಿವಾಹದೊಡನೆ ನಿಂತಿತು. ಪುಸ್ತಕದ ಓದು ನಿಲ್ಲಲಿಲ್ಲ. ನಡುವಯಸ್ಸು ದಾಟಿದ ಮೇಲೆ, 1963ರಲ್ಲಿ, ಅವರ ತುಂಗಭದ್ರಾ ಪ್ರಕಟವಾಯಿತು. ಶಾಲೆ ಬಿಟ್ಟ ಬಾಲೆಗೆ ಸಾಹಿತ್ಯದ ಸಂಬಂಧವನ್ನು ಅಷ್ಟು ವರ್ಷ ಉಳಿಸಿಕೊಟ್ಟುದು ಯಾವ ಪರೀಕ್ಷಾಮಂಡಲಿ?

ಅಧಿಕಾರದ ಮಾತಿಗೆ ಇನ್ನೊಂದು ಉತ್ತರ ಶಿವಮೊಗ್ಗೆಯ ಸಮೀಪದಲ್ಲಿಯೇ ಇದೆ. ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ವರ್ಷದ ಕೊನೆಯಲ್ಲಿಯೇ ಅವರು ತೀರಿಕೊಂಡರು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನಾಗಲಿ ಲಕ್ಷ್ಮೀಶನ ವಾರ್ಧಕ ಷಟ್ಪದಿಯನ್ನಾಗಲಿ ಗಮಕಿಯು ರಾಗದಲ್ಲಿ ವಾಚಿಸಿ, ವ್ಯಾಖ್ಯಾನಕಾರನು ಅರ್ಥ ಬಿಡಿಸುತ್ತಿದ್ದರೆ, ಅಕ್ಷರ ಬಾರದ ಒಕ್ಕಲಿಗನೂ ಪಂಡಿತನೂ ಒಂದೇ ಜಮಖಾನೆಯ ಮೇಲೆ ಕುಳಿತು ತಲೆದೂಗುವರು. ಈ ಸಭೆಗಳಲ್ಲಿ ಬಾಗಿಲಲ್ಲಿ ನಿಂತು ಅರ್ಹತಾಪತ್ರ ಕೇಳಿದವರಿಲ್ಲ. ನೂರಾರು ವರ್ಷ ಕಾವ್ಯವು ಬದುಕಿ ಬಂದುದು ಈ ತಲೆದೂಗುವಿಕೆಯಲ್ಲಿ.

ನಾಲ್ಕನೆಯ ಪೂರ್ವಪಕ್ಷವು ಬಾಯಿಬಿಟ್ಟು ವಾದಿಸುವುದಿಲ್ಲ. ಪ್ರಶ್ನೆಪತ್ರಿಕೆಯ ರೂಪದಲ್ಲಿ ಬರುತ್ತದೆ. ಪದ್ಯವನ್ನು ಕೊಟ್ಟು ಪ್ರಸ್ತಾರ ಹಾಕೆನ್ನುವುದು, ಅಲಂಕಾರವನ್ನು ಹೆಸರಿಸೆನ್ನುವುದು, ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸೆನ್ನುವುದು ಕನ್ನಡ ಪರೀಕ್ಷೆಗಳ ಸಂಪ್ರದಾಯ. ಸ್ವಾರಸ್ಯಕ್ಕೆ ಮೂರು ಅಂಕ! ರಸವು ಅನಿರ್ವಚನೀಯವೆಂದು ಆಲಂಕಾರಿಕರು ತಲೆತಲಾಂತರದಿಂದ ಒದ್ದಾಡಿದ ವಿಷಯವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಬಲ್ಲ ಹದಿನೈದು ವರ್ಷದ ಬಾಲಕರನ್ನು ಈ ನಾಡು ಪ್ರತಿವರ್ಷ ಲಕ್ಷಗಟ್ಟಲೆ ತಯಾರುಮಾಡುತ್ತಿದೆ. ಅವರಲ್ಲಿ ಬಹುಮಂದಿ ಆ ಸ್ವಾರಸ್ಯವನ್ನು ಗೈಡಿನಿಂದ ಬಾಯಿಪಾಠ ಮಾಡಿದವರು, ಸವಿದವರಲ್ಲ. ಕಾದಂಬರಿಯೊಂದು ಪಠ್ಯವಾಗುವುದೇ ತಡ, ಅದಕ್ಕಿಂತ ತೆಳ್ಳಗಿನ ಗೈಡೊಂದು ಹುಟ್ಟಿ ಮೂಲವನ್ನು ಅಂಗಡಿಯ ಹಿಂದಿನ ಸಾಲಿಗೆ ತಳ್ಳುತ್ತದೆ. ಛಂದಸ್ಸೂ ವ್ಯಾಕರಣವೂ ಬೇಡವೆಂದು ಇದರ ಅರ್ಥವಲ್ಲ. ಪ್ರಸ್ತಾರವು ಬೇಕು, ಹಾಡಿಕೊಂಡು ಹಿಗ್ಗಿದ ಪದ್ಯಕ್ಕೆ ಹಾಕಿದ ಪ್ರಸ್ತಾರವೂ ಒಂದು ಸುಖವೇ. ಹಾಡುವುದಕ್ಕೆ ಮೊದಲೇ ಲಘು ಗುರುಗಳ ಲೆಕ್ಕ ಹಿಡಿದರೆ, ಹಕ್ಕಿ ಹಾರುವುದನ್ನು ಕಾಣದವನಿಗೆ ರೆಕ್ಕೆಯ ಮೂಳೆಗಳನ್ನು ಎಣಿಸಲು ಕೊಟ್ಟಂತಾಗುವುದು.

ಇನ್ನು ಸಿದ್ಧಾಂತ. ಕಾವ್ಯವಾಗಲಿ ಕಥೆಯಾಗಲಿ ಓದತಕ್ಕದ್ದು ಸುಖಕ್ಕಾಗಿ. ಮಿಕ್ಕ ಫಲಗಳು ತಾವಾಗಿ ಬರುವುವು. ಹಣ್ಣಿಗೆಂದು ನೆಟ್ಟ ಮಾವಿನ ಮರದಿಂದ ನೆರಳೂ ಪರಿಮಳವೂ ಜೊತೆಯಲ್ಲಿಯೇ ಒದಗುವುವೆಂದು ಆಪಸ್ತಂಬ ಧರ್ಮಸೂತ್ರದಲ್ಲಿ ಒಂದು ದೃಷ್ಟಾಂತವಿದೆ. ಓದಿನ ಮರದಲ್ಲಿ ಹಣ್ಣೆಂದರೆ ಆನಂದ. ಜ್ಞಾನ, ಭಾಷೆ, ಸಂಸ್ಕಾರಗಳು ಅದರ ನೆರಳು. ನೆರಳಿಗಾಗಿ ಹಣ್ಣನ್ನು ಕಿತ್ತೊಗೆಯುವ ತೋಟಗಾರನಿಗೆ ಬರುವ ವರ್ಷ ಮರವೇ ಉಳಿಯುವುದಿಲ್ಲ.

ಇದು ಬರಿಯ ರುಚಿಯ ವಿಚಾರವಾಗಿದ್ದರೆ ಇಷ್ಟು ದೂರ ವಾದಿಸಬೇಕಾಗಿರಲಿಲ್ಲ. ಕನ್ನಡವನ್ನು ಕಡ್ಡಾಯವಾಗಿ ಹತ್ತು ವರ್ಷ ಓದಿಸಬಹುದು, ಹನ್ನೆರಡು ವರ್ಷ ಓದಿಸಬಹುದು. ಹದಿಮೂರನೆಯ ವರ್ಷದಲ್ಲಿ ಕನ್ನಡ ಪುಸ್ತಕವನ್ನು ತೆರೆಯುವವನು ತನ್ನ ಸುಖಕ್ಕಾಗಿಯೇ ತೆರೆಯಬೇಕು. ಕೊನೆಯ ಕನ್ನಡ ಪರೀಕ್ಷೆ ಮುಗಿದ ವಾರದಲ್ಲಿ ಹಳೆಯ ಕಾಗದ ಕೊಳ್ಳುವವನ ತಕ್ಕಡಿಗೆ ಏರುವ ಪಠ್ಯಪುಸ್ತಕಗಳನ್ನು ನೋಡಿದವರಿಗೆ ಗಂಡಾಂತರವು ತಿಳಿಯದಿರದು. ಕುಪ್ಪಳಿಯ ಕುವೆಂಪು, ಈಸೂರಿನಲ್ಲಿ ಹುಟ್ಟಿದ ಶಿವರುದ್ರಪ್ಪ, ಮೇಳಿಗೆಯ ಅನಂತಮೂರ್ತಿ, ಕೊನಗವಳ್ಳಿಯ ಲಂಕೇಶ್ ಎಲ್ಲರೂ ಈ ಜಿಲ್ಲೆಯವರೆಂದು ಹೆಮ್ಮೆಪಡುವುದು ಯುಕ್ತವೇ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ಹೆಸರಿನ ವಿಶ್ವವಿದ್ಯಾನಿಲಯವೇ ಇದೆ. ಆದರೆ ಕವಿಯ ಹೆಸರಿನ ಬಸ್ಸನ್ನು ಹತ್ತಿದವರೆಲ್ಲರೂ ಕವಿಯನ್ನು ಓದಿದವರಲ್ಲ. ಮಲೆಗಳಲ್ಲಿ ಮದುಮಗಳು 1967ರಲ್ಲಿ ಪ್ರಕಟವಾದುದು ಜಯಂತಿಯ ದಿನ ಹೂವೇರಿಸುವುದಕ್ಕಲ್ಲ. ಮಳೆಗಾಲದ ಒಂದು ವಾರವನ್ನು ಅದರಲ್ಲಿ ಕಳೆದುಕೊಳ್ಳುವುದಕ್ಕೆ.

ನ್ಯೂ ಟೌನಿನಂಥ ಕಡೆ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವುಂಟು. ಕಾರ್ಖಾನೆಯ ಕೆಲಸಕ್ಕಾಗಿ ಬಂದ ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನವರು ಭದ್ರಾವತಿಯಲ್ಲಿ ತಲೆಮಾರುಗಳಿಂದ ನೆಲಸಿರುವರು. ಇಂಥ ಮನೆಯ ಮಗುವನ್ನು ಕನ್ನಡಕ್ಕೆ ಕರೆತರುವ ದಾರಿ ಯಾವುದು? ಆಜ್ಞೆಯಿಂದ ಬಂದ ಮಗು ಆಜ್ಞೆ ತೀರಿದ ದಿನ ಹೊರಟುಹೋಗುವುದು. ಕಥೆಯ ಆಸೆಯಿಂದ ಬಂದ ಮಗು ಉಳಿಯುವುದು. 1949ರಲ್ಲಿ ಕನ್ನಡದಲ್ಲಿ ಆರಂಭವಾಗಿ ಈಗ ನಿಂತುಹೋಗಿರುವ ಚಂದಮಾಮವು ಬೇತಾಳನ ಒಂದೊಂದು ಪ್ರಶ್ನೆಯಿಂದ ಎಷ್ಟು ಮಕ್ಕಳನ್ನು ಓದಿಗೆ ಎಳೆಯಿತೆಂಬುದು ಅರುವತ್ತು ದಾಟಿದವರಿಗೆಲ್ಲ ಗೊತ್ತು. ಕನ್ನಡದ ಮನೆಯಲ್ಲಿಯೇ ಹುಟ್ಟಿ, ಇಂಗ್ಲಿಷಿನಲ್ಲಿ ಓದಿ, ಕನ್ನಡದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಎಡವುವ ಮಕ್ಕಳೂ ಈಗ ಅದೇ ಹೊಸ್ತಿಲಲ್ಲಿ ನಿಂತಿರುವರು. ಇವರಿಗೆ ಬೇಕಾದುದು ಭಾಷಾಭಿಮಾನದ ಭಾಷಣವಲ್ಲ. ಊಟಕ್ಕೆ ಕರೆದರೂ ಏಳಲಾರದಂಥ ಒಂದು ಪುಸ್ತಕ.

ಹಾಗಾದರೆ ಮಾಡತಕ್ಕದ್ದೇನು? ಗೃಹಸ್ಥರು ಮನೆಯಲ್ಲಿ ಒಂದು ಕಪಾಟನ್ನು ಬೀಗವಿಲ್ಲದೆ ಇಡಲಿ. ಅದರಲ್ಲಿ ಮಕ್ಕಳು ತೆಗೆದ ಪುಸ್ತಕಕ್ಕೆ ಕಾರಣ ಕೇಳದಿರಲಿ. ಅರ್ಧಕ್ಕೆ ಬಿಟ್ಟರೆ ಗದರದಿರಲಿ. ಬೇಸರವಾದ ಪುಸ್ತಕವನ್ನು ಮುಚ್ಚುವ ಸ್ವಾತಂತ್ರ್ಯವಿಲ್ಲದವನಿಗೆ ಒಳ್ಳೆಯ ಪುಸ್ತಕವನ್ನು ಹುಡುಕುವ ಉತ್ಸಾಹವಿರದು. ಉಪಾಧ್ಯಾಯರು ವಾರದಲ್ಲಿ ಒಂದು ಗಂಟೆ ಗಟ್ಟಿಯಾಗಿ ಓದಿ ಹೇಳಲಿ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳದೆ ಗಂಟೆ ಹೊಡೆಯಲಿ. 1930ರಲ್ಲಿ ಹುಟ್ಟಿದ ಶಿವಮೊಗ್ಗೆಯ ಕರ್ನಾಟಕ ಸಂಘದಂಥ ಸಂಸ್ಥೆಗಳಿರುವ ಜಿಲ್ಲೆಯಲ್ಲಿ ಸಭೆಗಳಿಗೆ ಕೊರತೆಯಿಲ್ಲ. ಅಧ್ಯಕ್ಷಭಾಷಣವಿಲ್ಲದೆ ಕೇವಲ ವಾಚನ ನಡೆಯುವ ಸಂಜೆಗಳಿಗೆ ಕೊರತೆಯುಂಟು. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನವೆಂಬ ಸ್ಪರ್ಧೆಗಳನ್ನು ಸಂಘಗಳು ದಯವಿಟ್ಟು ಕೈಬಿಡಲಿ. ಹೋಳಿಗೆ ತಿನ್ನುವ ಪಂದ್ಯದಲ್ಲಿ ಗೆದ್ದವನು ಮರುದಿನ ಹೋಳಿಗೆಯ ಮುಖ ನೋಡುವುದಿಲ್ಲ.

ಸಾರ್ವಜನಿಕ ಗ್ರಂಥಾಲಯದ ವಿಷಯದಲ್ಲಿಯೂ ಒಂದು ಮಾತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಮನೆಯ ಕಂದಾಯದ ಜೊತೆಯಲ್ಲಿ ಗ್ರಂಥಾಲಯದ ಕರವನ್ನೂ ಎಲ್ಲರೂ ತೆರುತ್ತಿರುವರು. ಓದುವವನೂ ತೆರುವನು, ಓದದವನೂ ತೆರುವನು. ಸ್ಪರ್ಧಾಪರೀಕ್ಷೆಗಳಿಗೆ ಸಿದ್ಧರಾಗುವ ಯುವಕರು ಗ್ರಂಥಾಲಯದ ಮೇಜುಗಳಲ್ಲಿ ಬೆಳಗಿನಿಂದ ಕುಳಿತಿರುವುದು ಎಲ್ಲ ಊರುಗಳಲ್ಲಿಯೂ ಕಾಣಬರುತ್ತದೆ. ಅವರು ಅಲ್ಲಿಯೇ ಇರಲಿ, ಅವರಿಗೆ ಉದ್ಯೋಗ ದೊರೆಯಲಿ. ಆದರೆ ಕವಿತೆ ಕಾದಂಬರಿಗಳ ಕಪಾಟು ಅವರ ಬೆನ್ನ ಹಿಂದೆ ಧೂಳು ತಿನ್ನಬಾರದು. ತಾನು ತೆತ್ತ ಹಣದಿಂದ ಕೊಂಡ ಕಥೆಯ ಪುಸ್ತಕವನ್ನು ಕೇಳುವುದಕ್ಕೆ ನ್ಯೂ ಟೌನಿನ ಗೃಹಿಣಿಯೂ ನಿವೃತ್ತ ಕಾರ್ಮಿಕನೂ ಸಂಕೋಚಪಡಬೇಕಾದ ಕಾರಣವೇ ಇಲ್ಲ. ಹೋಗಿ ಕೇಳಲಿ, ಇಲ್ಲವೆಂದರೆ ಬರೆದು ಕೇಳಲಿ, ಯಾವ ಪರೀಕ್ಷೆಗೆಂದು ಗುಮಾಸ್ತನು ವಿಚಾರಿಸಿದರೆ, ಯಾವ ಪರೀಕ್ಷೆಗೂ ಅಲ್ಲವೆಂದು ತಲೆಯೆತ್ತಿ ಹೇಳಲಿ.